ಈ ವಾರ ನೋಡಬೇಕಾದದ್ದು: ‘ಸಾಂಗ್ ಆಫ್ ಸಮ್ಮರ್’

ಗೆಳೆಯರೇ, ಈ ವಾರ ನಿರ್ದೇಶಕ ಕೆನ್ ರಸೆಲ್ 1968ರಲ್ಲಿ ಬಿಬಿಸಿ ಟಿವಿಗೆ ಮಾಡಿದ ‘ಸಾಂಗ್ ಆಫ್ ಸಮ್ಮರ್’ ನೋಡೋಣ. ಕಪ್ಪು-ಬಿಳುಪು ಚಿತ್ರ, ನಡೆದ ಕಥೆ. ಇಂಗ್ಲಿಷ್ ಸಂಗೀತಗಾರ ಡೀಲಿಯಸ್‌ಗೆ ಕಣ್ಣು ಹೋಗಿದೆ, ಕೈಕಾಲು ಸ್ವಾಧೀನದಲ್ಲಿಲ್ಲ. ತಲೆಯೊಳಗೆ ಮಾತ್ರ ಸಂಗೀತ ನಿಂತಿಲ್ಲ. 1928ರಲ್ಲಿ ಯಾರ್ಕ್‌ಷೈರ್‌ನ ಹುಡುಗ ಎರಿಕ್ ಫೆನ್ಬಿ, ತಾನೇ ಕಾಗದ ಬರೆದು, ಡೀಲಿಯಸ್ ಹೇಳುವ ಸಂಗೀತವನ್ನು ಬರೆದುಕೊಡಲು ಫ್ರಾನ್ಸಿನ ಅವರ ಮನೆಗೆ ಬರುತ್ತಾನೆ.

ಮೊದಲ ಸಲ ಬರೆಸುವ ದೃಶ್ಯ ತಪ್ಪಿಸಬೇಡಿ. ಮುದುಕ ಡೀಲಿಯಸ್ ಶ್ರುತಿಯೇ ಇಲ್ಲದೆ ಕೂಗುತ್ತಾರೆ. ಪೆನ್ಸಿಲ್ ಹಿಡಿದ ಹುಡುಗನಿಗೆ ಏನು ಬರೆಯಬೇಕೋ ತಿಳಿಯುವುದಿಲ್ಲ. ಎಷ್ಟು ಸಂಕಟ ಆಗುತ್ತೆ ಅಂದ್ರೆ, ನನಗೆ ಇಡೀ ಚಿತ್ರದಲ್ಲಿ ಇದೇ ಜಾಸ್ತಿ ಇಷ್ಟ. ಫೆನ್ಬಿ ಪಾತ್ರದ ಕ್ರಿಸ್ಟೊಫರ್ ಗೇಬಲ್ ಮೂಲತಃ ಬ್ಯಾಲೆ ನರ್ತಕ, ಗೊತ್ತಾ?

ಹೆಡ್‌ಫೋನ್ ಹಾಕಿಕೊಂಡೇ ನೋಡಿ. ಭಾನುವಾರ ಸಂಜೆ ಮಾತಾಡೋಣ. ಅಲ್ಲಿಯವರೆಗೆ ಕೊನೆಯ ಭಾಗದ ಬಗ್ಗೆ ಇಲ್ಲಿ ಬರೆಯಬೇಡಿ, ದಯವಿಟ್ಟು.