ರೇಸ್ ಕಾರಿನ ದುಡ್ಡು ಮೊದಲು ಬ್ರೇಕಿಗೆ ಹೋಗಲಿ

ಮಾನ್ಯ ಸಂಪಾದಕರೇ,

ಹಳೆಯ ಕಾರನ್ನು ಕಡಿಮೆ ಖರ್ಚಿನಲ್ಲಿ ಹವ್ಯಾಸಿ ರೇಸಿಗೆ ಅಣಿಗೊಳಿಸುವ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಏರ್ ಫಿಲ್ಟರ್, ಸೈಲೆನ್ಸರ್, ಎಂಜಿನ್ ಪವರ್ ಎಂದು ಶುರುವಾಗಿ, ಬ್ರೇಕಿನ ವಿಷಯಕ್ಕೆ ಬರುವಷ್ಟರಲ್ಲಿ ಮುಗಿದೇಹೋಯಿತು. ಇದೇ ಕ್ರಮ ಹಿಡಿದವರ ದುಡ್ಡೂ ಹಾಗೇ ಬ್ರೇಕಿಗೆ ಬರುವಷ್ಟರಲ್ಲಿ ಮುಗಿಯುತ್ತದೆ. ಅಮೆರಿಕದಲ್ಲಿ 2006ರಲ್ಲಿ ಶುರುವಾದ '24 ಅವರ್ಸ್ ಆಫ್ ಲೆಮನ್ಸ್' ರೇಸಿನಲ್ಲಿ ಕಾರಿಗೆ 500 ಡಾಲರ್ ಮಿತಿ ಇಟ್ಟರೂ ಸುರಕ್ಷತಾ ಸಾಮಗ್ರಿಯ ಖರ್ಚನ್ನು ಆ ಲೆಕ್ಕದಿಂದ ಹೊರಗಿಟ್ಟರು. ಅಗ್ಗದ ರೇಸನ್ನೇ ತಮಾಷೆ ಮಾಡಿಕೊಂಡವರಿಗೂ ಎಲ್ಲಿ ಜಿಪುಣತನ ಸಲ್ಲದು ಎಂಬುದು ಗೊತ್ತಿತ್ತು.

ಕೊಳ್ಳುವ ಮೊದಲು ರೇಸಿನ ನಿಯಮಾವಳಿ ಓದಬೇಕು. ಯಾವುದೋ ಸಣ್ಣ ಬದಲಾವಣೆ ಕಾರನ್ನು ಮೇಲಿನ ವರ್ಗಕ್ಕೆ ತಳ್ಳಿದರೆ ಅಲ್ಲಿ ಎದುರಾಗುವುದು ದೊಡ್ಡ ಎಂಜಿನ್ನಿನ ಕಾರುಗಳು. ಕೊಳ್ಳುವ ಕಾರು ಓಡುತ್ತಿರಬೇಕು. ಬಿಚ್ಚಿ ಹಾಕಿದ ಕಾರು ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ. ಬಣ್ಣ ಮಾಸಿದ್ದರೆ ಚಿಂತೆಯಿಲ್ಲ, ತುಕ್ಕು ಬೇರೆ ಮಾತು. ಬಾಗಿಲ ಕೆಳಗಿನ ಪಟ್ಟಿ, ಕಾಲಡಿಯ ತಗಡು, ಮುಂದಿನ ಶಾಕ್ ಅಬ್ಸಾರ್ಬರ್ ಕೂರುವ ಜಾಗ, ಇಷ್ಟರ ಮೇಲೆ ಅಯಸ್ಕಾಂತ ಆಡಿಸಿ ನೋಡಿ. ಅದು ಹಿಡಿಯದ ಕಡೆ ಬಣ್ಣದಡಿ ಪುಟ್ಟಿ ತುಂಬಿರುತ್ತದೆ.

ಎಂಜಿನ್ನಿಗೆ ಕಂಪ್ರೆಷನ್ ಪರೀಕ್ಷೆ, ಅಂದರೆ ಪ್ಲಗ್ಗಿನ ಜಾಗಕ್ಕೆ ಮೀಟರ್ ಹಾಕಿ ಪ್ರತಿ ಸಿಲಿಂಡರಿನ ಒತ್ತಡ ಅಳೆಯುವುದು, ಸಾಕು. ಎಂಜಿನ್ ಬಿಸಿಯಾದ ಮೇಲೆ ಇಂಧನ ಮತ್ತು ಇಗ್ನಿಷನ್ ತಪ್ಪಿಸಿ, ಎಲ್ಲ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಸಿಲಿಂಡರುಗಳ ನಡುವಿನ ವ್ಯತ್ಯಾಸ ಶೇ 10-15 ದಾಟಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಒತ್ತಡ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ (ಎಂಜಿನ್ ತಲೆಯಡಿಯ ಸೀಲು) ಮೇಲೆ ಅನುಮಾನಪಡಿ. ಅಕ್ಕಪಕ್ಕದ ಎರಡು ಸಿಲಿಂಡರು ಒಟ್ಟಿಗೆ ಕುಸಿದಿದ್ದರೆ ಬಹುಪಾಲು ಗ್ಯಾಸ್ಕೆಟ್ಟೇ.

ಇನ್ನು ಬ್ರೇಕು. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ಆದರೆ ಅದು ಗಾಳಿಯ ತೇವ ಹೀರುತ್ತಲೇ ಇರುತ್ತದೆ. ತೇವ ಕುಡಿದ ಆಯಿಲ್ಲಿಗೆ ಅದೇ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ರಸ್ತೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಟ್ರ್ಯಾಕಿನಲ್ಲಿ ನಾಲ್ಕೈದು ಸುತ್ತಿಗೇ ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರಿನೊಳಗೆ ಆಯಿಲ್ ಕುದಿದು ಗುಳ್ಳೆಯೇಳಬಹುದು, ಆಗ ಬ್ರೇಕ್ ಹಿಡಿಯದೆ ಪೆಡಲ್ ನೆಲಕ್ಕಿಳಿಯುತ್ತದೆ. ಆದ್ದರಿಂದ ಟ್ರ್ಯಾಕಿಗೆ ಇಳಿಯುವ ಮುನ್ನ ಹಳೆಯ ಆಯಿಲ್ ಪೂರ್ತಿ ಹೊರಹಾಕಿ ಹೊಸದು ತುಂಬಬೇಕು. ಬ್ರೇಕ್ ಪೈಪಿನ ಏರ್ ತೆಗೆಯುವಾಗ ಕ್ಯಾಲಿಪರಿನ ನಿಪ್ಪಲ್ ಮುಚ್ಚಿದ ಮೇಲೆಯೇ ಪೆಡಲಿನಿಂದ ಕಾಲೆತ್ತಬೇಕು. ಮೇಲಿನ ಆಯಿಲ್ ಡಬ್ಬಿ ಒಮ್ಮೆ ಖಾಲಿಯಾದರೆ ಕೆಲಸ ಮೊದಲಿನಿಂದ. ಸಿಲಿಕೋನಿನ ಡಾಟ್ 5 ಇದಕ್ಕೆ ಬೆರೆಸಲೇಬಾರದು. ಹೆಸರು ಹತ್ತಿರವಿದ್ದರೂ ಡಾಟ್ 5.1 ಬೇರೆ ಜಾತಿ, ಅದು ಡಾಟ್ 4ರ ಜೊತೆ ಹೊಂದುತ್ತದೆ. ಓಟ ಮುಗಿಸಿ ಬಂದು ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸುವ ಅಭ್ಯಾಸವೂ ಬೇಡ. ಒಂದು ಸುತ್ತು ನಿಧಾನಕ್ಕೆ ಓಡಿಸಿ ಬ್ರೇಕ್ ತಣಿಸಿ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಟೈರಿನ ಬದಿಯಲ್ಲಿರುವ ಸಂಕೇತದ ಕೊನೆಯ ನಾಲ್ಕು ಅಂಕಿ ಅದರ ಜಾತಕ: 2319 ಎಂದರೆ 2019ರ 23ನೇ ವಾರದ್ದು. ಗಾಳಿ ಎಷ್ಟಿರಬೇಕೆಂದು ತಿಳಿಯಲು ಅಂಚಿಗೆ ಅಡ್ಡಲಾಗಿ ಸೀಮೆಸುಣ್ಣದ ಗೆರೆ ಎಳೆದು ಒಂದು ಸುತ್ತು ಓಡಿಸಿ. ಗೆರೆ ಬದಿಯ ಗೋಡೆಯವರೆಗೂ ಅಳಿಸಿದ್ದರೆ ಗಾಳಿ ಸಾಲದು. ಅಂಚಿಗೇ ತಾಕದಿದ್ದರೆ ಹೆಚ್ಚಾಗಿದೆ.

ಸ್ಪ್ರಿಂಗ್ ಕತ್ತರಿಸಿ ಕಾರು ತಗ್ಗಿಸುವವರಿಗೆ ಒಂದು ಮಾತು. ಕತ್ತರಿಸಿದ ಸ್ಪ್ರಿಂಗ್ ಗಡುಸಾಗುತ್ತದೆ, ಹಳೆಯ ಶಾಕ್ ಅಬ್ಸಾರ್ಬರಿಗೆ ಅದನ್ನು ಹಿಡಿಯಲಾಗುವುದಿಲ್ಲ. ತಿರುವಿನಲ್ಲಿ ಕಾರು ರಬ್ಬರ್ ಸ್ಟಾಪರಿನ ಮೇಲೆ ಕೂತ ಕ್ಷಣವೇ ಹಿಡಿತ ತಪ್ಪುತ್ತದೆ. ಅದರ ಬದಲು ಸ್ಟೆಪ್ನಿ, ಜಾಕಿ, ಡಿಕ್ಕಿಯ ಸಾಮಾನು ಇಳಿಸಿ. ಆ ಭಾರ ತೆಗೆಯಲು ಕಾಸೂ ಬೇಡ.

ಹೆಲ್ಮೆಟ್ ಬೈಕಿನದು ನಡೆಯುತ್ತದೆ ಎಂಬ ಲೇಖಕರ ಮಾತು ಒಪ್ಪಲಾರೆ. ಕಾರು ರೇಸಿಗೆಂದು ಸ್ನೆಲ್ ಎಂಬ ಪರೀಕ್ಷಾ ಸಂಸ್ಥೆ ಕೊಡುವ ಎಸ್‌ಎ ಗುರುತಿನ ಹೆಲ್ಮೆಟ್ಟಿಗೆ ಒಳಗಿನ ಬಟ್ಟೆ ಬೆಂಕಿ ತಡೆಯಲೇಬೇಕು. ಬೈಕಿನ 'ಎಂ' ಗುರುತಿಗೆ ಆ ಕಡ್ಡಾಯವಿಲ್ಲ. ರೇಸಿನ ಸೀಟ್ ಬೆಲ್ಟ್ ಆದ ಹಾರ್ನೆಸ್ಸಿನ ಭುಜದ ಪಟ್ಟಿಯನ್ನು ಸೀಟಿನ ಹಿಂದೆ ನೆಲಕ್ಕೆ ಬಿಗಿಯುವುದು ಇನ್ನೂ ದೊಡ್ಡ ತಪ್ಪು, ಡಿಕ್ಕಿಯಾದಾಗ ಅದು ಬೆನ್ನೆಲುಬನ್ನು ಕೆಳಕ್ಕೆ ಜಗ್ಗುತ್ತದೆ. ರೋಲ್ ಕೇಜ್ (ಕಾರಿನೊಳಗಿನ ಉಕ್ಕಿನ ಕೊಳವೆಗಳ ಚೌಕಟ್ಟು) ಕೂರಿಸಿದ ಕಾರನ್ನು ಹೆಲ್ಮೆಟ್ ಇಲ್ಲದೆ ರಸ್ತೆಯಲ್ಲಿ ಓಡಿಸಿದರೆ ತಲೆಗೆ ಆ ಕೊಳವೆಯೇ ಶತ್ರು.

ಮೊದಲ ಓಟ ಆಟೋಕ್ರಾಸ್ ಆಗಲಿ. ಬಯಲಿನಲ್ಲಿ ಕೋನ್ ಇಟ್ಟು, ಒಮ್ಮೆಗೆ ಒಂದೇ ಕಾರು, ಗಡಿಯಾರದ ಜೊತೆ ಪೈಪೋಟಿ. ಹೆಚ್ಚಿನ ಓಟ ಎರಡನೇ ಗೇರಿನಲ್ಲೇ ಮುಗಿಯುತ್ತದೆ, ತಪ್ಪಿದರೆ ಉರುಳುವುದು ಕೋನ್. ಆ ನಡುವೆ ಗ್ಯಾರೇಜಿನಲ್ಲಿ ಒಮ್ಮೆಗೆ ಒಂದೇ ಭಾಗ ಬಿಚ್ಚಿ: ಬ್ರೇಕ್ ಮುಗಿಯದೆ ಕೂಲಿಂಗಿಗೆ ಕೈ ಹಾಕಬೇಡಿ. ನಟ್ಟು ಬೋಲ್ಟು ಚೀಲಕ್ಕೆ ಹಾಕಿ ಹೆಸರು ಬರೆಯಿರಿ. ಜಾಕಿಯೊಂದರ ಮೇಲೆ ನಿಂತ ಕಾರಿನಡಿ ಎಂದೂ ತೂರಬೇಡಿ, ಸ್ಟ್ಯಾಂಡ್ ಇರಲಿ.

ಕಡೆಗೆ ಲೇಖನ ಹೊಗಳಿದ ಆ ಏರ್ ಫಿಲ್ಟರ್. ಕಂಪನಿ ಕೊಟ್ಟ ಡಬ್ಬಿ ಸಾಮಾನ್ಯವಾಗಿ ಹೊರಗಿನ ತಣ್ಣನೆ ಗಾಳಿ ಎಳೆಯುತ್ತದೆ. ಅದನ್ನು ಕಿತ್ತು ಬರೀ ಫಿಲ್ಟರ್ ಸಿಕ್ಕಿಸಿದರೆ ಎಂಜಿನ್ ಬಾನೆಟ್ಟಿನೊಳಗಿನ ಬಿಸಿ ಗಾಳಿ ಕುಡಿಯುತ್ತದೆ. ಬಿಸಿ ಗಾಳಿ ತೆಳು, ಹಾಗಾಗಿ ಸದ್ದು ಏರಿ ಪವರ್ ಇಳಿಯುವುದೇ ಹೆಚ್ಚು.

ಇತಿ,
ಒಬ್ಬ ಹವ್ಯಾಸಿ ರೇಸ್ ಮೆಕ್ಯಾನಿಕ್