ಹದಿನಾರರೊಳಗಿನವರನ್ನೆಲ್ಲ ಒಂದೇ ಗುಂಪಿಗೆ ಹಾಕಬೇಡಿ

ಮಾನ್ಯ ಸಂಪಾದಕರೇ,

ಶಾಲೆಗೆ ಸೂಟಿ ಬಿಟ್ಟ ಕೂಡಲೇ ಟಿಳಕವಾಡಿ, ಶಹಾಪುರ, ಕ್ಯಾಂಪ್ ಭಾಗದಲ್ಲಿ ಮಕ್ಕಳ ಕ್ರಿಕೆಟ್ ಲೀಗ್‌ಗಳ ಬ್ಯಾನರ್ ಏಳುತ್ತವೆ. ವಯಸ್ಸಿನ ಬಗ್ಗೆ ಹೆಚ್ಚಿನವುಗಳಲ್ಲಿ ಒಂದೇ ಸಾಲು: ‘16 ವರ್ಷದೊಳಗಿನವರಿಗೆ’. ಐದನೇ ತರಗತಿಯ ಹುಡುಗನೂ ಎಸ್ಸೆಸ್ಸೆಲ್ಸಿ ಬರೆದು ಬಂದವನೂ ಒಂದೇ ತಂಡದಲ್ಲಿ ಆಡುತ್ತಾರೆ. ಇಬ್ಬರ ನಡುವೆ ಐದು ವರ್ಷದ ಅಂತರ. ಗಂಡುಮಕ್ಕಳು ಅತಿ ವೇಗವಾಗಿ ಎತ್ತರ ಬೆಳೆಯುವುದು ಸುಮಾರು 14ರ ಆಸುಪಾಸಿನಲ್ಲಿ. ಹೀಗಾಗಿ ಒಬ್ಬ ಆ ಬೆಳವಣಿಗೆ ಮುಗಿಸಿರುತ್ತಾನೆ, ಇನ್ನೊಬ್ಬನಿಗೆ ಅದು ಶುರುವೇ ಆಗಿರುವುದಿಲ್ಲ. ದೊಡ್ಡವನು ಎಸೆದ ಒಳ್ಳೆಯ ಲೆಂಗ್ತ್ ಚೆಂಡು ಅವನ ಸರೀಕನ ಎದೆಮಟ್ಟಕ್ಕೆ ಬಂದರೆ ಸಣ್ಣವನ ಮುಖಕ್ಕೆ ಬರುತ್ತದೆ. ಸಣ್ಣವನು ಎಸೆದರೆ 22 ಗಜದ ಪಿಚ್‌ನಲ್ಲಿ ಚೆಂಡು ಎರಡು ಸಲ ಪುಟಿದು ಬ್ಯಾಟಿನ ಹತ್ತಿರ ಸತ್ತುಹೋಗುತ್ತದೆ. ಅಷ್ಟು ದೂರ ಮುಟ್ಟಿಸಲೇಬೇಕೆಂದು ಅವನು ಮೊಣಕೈ ಮಡಚಿ ಒಗೆಯಲು ಕಲಿಯುತ್ತಾನೆ. ಆ ಚಟ ಆಮೇಲೆ ಬಿಡಿಸುವುದು ಬಹಳ ಕಷ್ಟ. ವೈಡ್‌ಗಳಿಂದಾಗಿ ಆರು ಎಸೆತದ ಓವರು ಹತ್ತು ಹನ್ನೊಂದಕ್ಕೆ ಎಳೆಯುತ್ತದೆ. ಮುಂದಿನ ಪಂದ್ಯದಲ್ಲಿ ನಾಯಕ ಅವನ ಕೈಗೆ ಚೆಂಡು ಕೊಡುವುದೇ ಇಲ್ಲ.

ಮಕ್ಕಳ ಲೀಗ್ ವಿಂಗಡಿಸುವ ಕೆಲಸವನ್ನು ದೀರ್ಘ ಕಾಲದಿಂದ ಮಾಡುತ್ತ, ತಿದ್ದುತ್ತ ಬಂದಿರುವುದು ಅಮೆರಿಕದ ಲಿಟಲ್ ಲೀಗ್ ಬೇಸ್‌ಬಾಲ್. 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಅದು ಶುರುವಾಯಿತು. ಆಟ ಬೇರೆಯಾದರೂ ವಿಂಗಡಣೆಯನ್ನು ನಾವು ಹಾಗೆಯೇ ತೆಗೆದುಕೊಳ್ಳಬಹುದು. 4ರಿಂದ 7 ವರ್ಷದವರಿಗೆ ಟೀ ಬಾಲ್, ಅಂದರೆ ಸಣ್ಣ ಕಂಬದ ಮೇಲಿಟ್ಟ ಚೆಂಡನ್ನು ಹೊಡೆಯುವುದು. 5ರಿಂದ 11ರವರಿಗೆ ಮೈನರ್, 9ರಿಂದ 12ರವರಿಗೆ ಮೇಜರ್, 11ರಿಂದ 13ರವರಿಗೆ ಇಂಟರ್‌ಮೀಡಿಯೆಟ್, 12ರಿಂದ 14ರವರಿಗೆ ಜೂನಿಯರ್, 13ರಿಂದ 16ರವರಿಗೆ ಸೀನಿಯರ್. ಈ ವಯಸ್ಸುಗಳು ಒಂದರೊಳಗೊಂದು ಸೇರಿರುವುದನ್ನು ಗಮನಿಸಬೇಕು. ಹತ್ತು ವರ್ಷದ ಹುಡುಗ ಮೈನರ್‌ಗೂ ಸಲ್ಲುತ್ತಾನೆ, ಮೇಜರ್‌ಗೂ ಸಲ್ಲುತ್ತಾನೆ. ಎಲ್ಲಿ ಆಡಬೇಕು ಎಂಬುದನ್ನು ಅವನ ಆಟ ನೋಡಿ ನಿರ್ಧರಿಸುತ್ತಾರೆ. ವಯಸ್ಸು ಎರಡು ಬಾಗಿಲು ತೆರೆದಿಡುತ್ತದೆ, ಕೌಶಲ ಒಂದನ್ನು ಆರಿಸುತ್ತದೆ. ನಮ್ಮಲ್ಲಿ ವಯಸ್ಸಿನ ಗುಂಪು ಮಾಡಿದ ಕಡೆಯೂ ‘12ರೊಳಗೆ’, ‘14ರೊಳಗೆ’ ಎಂದು ಗೋಡೆ ಕಟ್ಟಿದ ಹಾಗೆ ಮಾಡುತ್ತಾರೆ. ಹೊಸದಾಗಿ ಬ್ಯಾಟು ಹಿಡಿದ 13ರ ಹುಡುಗನಿಗೆ ಅಲ್ಲಿ ಜಾಗವೇ ಇಲ್ಲ.

ಇನ್ನೂ ಮುಖ್ಯವಾದ ಸಂಗತಿ, ಗುಂಪು ಬದಲಾದಂತೆ ಅಲ್ಲಿ ಮೈದಾನವೂ ಬದಲಾಗುತ್ತದೆ. 12ರವರೆಗೆ ಪಿಚರ್ 46 ಅಡಿಯಿಂದ ಎಸೆಯುತ್ತಾನೆ, ರನ್ ಓಡುವಾಗ ಮುಟ್ಟಬೇಕಾದ ನೆಲೆಗಳಾದ ಬೇಸ್‌ಗಳ ನಡುವೆ 60 ಅಡಿ. ಇಂಟರ್‌ಮೀಡಿಯೆಟ್‌ನಲ್ಲಿ ಅದು 50 ಮತ್ತು 70 ಅಡಿ. ಜೂನಿಯರ್‌ಗೆ ಬಂದ ಮೇಲೆ ದೊಡ್ಡವರ ಅಳತೆ: 60 ಅಡಿ 6 ಅಂಗುಲ ಮತ್ತು 90 ಅಡಿ. ನಾವು ಗುಂಪಿನ ಹೆಸರು ಬದಲಿಸುತ್ತೇವೆ, ಸ್ಟಂಪ್ ಮಾತ್ರ ಇದ್ದಲ್ಲೇ ಇರುತ್ತವೆ. ಹಾಗಿದ್ದರೆ ವಿಂಗಡಿಸಿಯೂ ಏನು ಬಂತು?

ಬೆಳಗಾವಿಯ ಲೀಗ್‌ಗಳಿಗೆ ನಮ್ಮ ಸಲಹೆ ಇದು. 8ರಿಂದ 10ರವರಿಗೆ 16 ಗಜ, 10ರಿಂದ 12ರವರಿಗೆ 18 ಗಜ, 12ರಿಂದ 14ರವರಿಗೆ 20 ಗಜ, 14ರಿಂದ 16ರವರಿಗೆ ಪೂರ್ತಿ 22 ಗಜ. ಗಡಿಯ ವಯಸ್ಸಿನವರು ಎರಡರಲ್ಲಿ ಯಾವುದಕ್ಕಾದರೂ ಸೇರಬಹುದು. 13ರ ಹೊಸಬನಂಥವರನ್ನು ಒಂದು ಗುಂಪು ಕೆಳಗೆ ಆಡಿಸಬಹುದು, ಆದರೆ ಅಲ್ಲಿ ವೇಗದ ಬೌಲಿಂಗ್ ಕೊಡಬಾರದು. ಅಳತೆಗೆ ಒಂದು ನೈಲಾನ್ ಹಗ್ಗ ಸಾಕು, 16, 18, 20 ಗಜಕ್ಕೆ ಗಂಟು ಹಾಕಿಟ್ಟುಕೊಳ್ಳಿ. ಒಂದು ತುದಿಯ ಸ್ಟಂಪ್ ಅಲ್ಲೇ ಬಿಟ್ಟು, ಇನ್ನೊಂದು ತುದಿಯದನ್ನು ಮುಂದಕ್ಕೆ ತಂದು ನೆಡಿ. ತಪ್ಪಾಗುವುದು ಇದರ ನಂತರ: ಸ್ಟಂಪ್ ಸರಿಸಿ ಕ್ರೀಸ್ ಸರಿಸುವುದನ್ನು ಮರೆಯುತ್ತಾರೆ. ಹೊಸ ಸ್ಟಂಪ್‌ನಿಂದ 4 ಅಡಿ ಮುಂದೆ ಸುಣ್ಣದ ಗೆರೆ ಹೊಸದಾಗಿ ಎಳೆದು, ಹಳೆಯ ಗೆರೆಯನ್ನು ಮಣ್ಣು ಹಾಕಿ ಅಳಿಸಬೇಕು. ಇಲ್ಲದಿದ್ದರೆ ನೋಬಾಲ್, ರನ್‌ಔಟ್‌ಗಳಿಗೆ ದಿನವಿಡೀ ಜಗಳ. ದೊಡ್ಡವರ ಬೌಲಿಂಗ್‌ನಿಂದ ಗುಂಡಿ ಬಿದ್ದ ತುದಿಯನ್ನು ಸಣ್ಣವರಿಗೆ ಬ್ಯಾಟಿಂಗ್ ತುದಿ ಮಾಡಬೇಡಿ.

ಸಣ್ಣ ಎರಡು ಗುಂಪುಗಳಿಗೆ ಮಾಮೂಲಿ ಟೆನಿಸ್ ಚೆಂಡೇ ಸರಿ. ಅದರ ತೂಕ 58 ಗ್ರಾಂ ಆಸುಪಾಸು. ದೊಡ್ಡವರ ಸೀಸನ್ ಬಾಲ್, ಅಂದರೆ ಚರ್ಮದ ಗಟ್ಟಿ ಚೆಂಡು, 156ರಿಂದ 163 ಗ್ರಾಂ. ಹೆವಿ ಟೆನಿಸ್ ಚೆಂಡು ನೋಡಲು ನಿರಪಾಯ ಅನ್ನಿಸಿದರೂ ಹೆಲ್ಮೆಟ್ ಇಲ್ಲದ ಹತ್ತು ವರ್ಷದವನಿಗೆ ಬೇಡ.

ವಯಸ್ಸಿನ ದಾಖಲೆಯಲ್ಲಿ ನಮ್ಮ ಭಾಗಕ್ಕೆ ಒಂದು ವಿಶೇಷ ತೊಂದರೆ ಇದೆ. ಶಾಲೆಗೆ ಸೇರಿಸುವಾಗ ಜೂನ್ 1 ಎಂದು ಹುಟ್ಟಿದ ದಿನ ಬರೆಸುವ ರೂಢಿ ಹಳೆಯದು, ಪೂರ್ತಿ ಹೋಗಿಲ್ಲ. ಆದ್ದರಿಂದ ಶಾಲೆಯ ದಾಖಲೆ ಒಂದನ್ನೇ ನಂಬಬಾರದು. ಜನನ ಪ್ರಮಾಣಪತ್ರ ಕೇಳಿ, ಅದರಲ್ಲಿ ಹುಟ್ಟಿದ ದಿನಾಂಕದ ಜೊತೆ ನೋಂದಣಿ ದಿನಾಂಕವನ್ನೂ ಓದಿ. ನಿಯಮದ ಪ್ರಕಾರ 21 ದಿನದೊಳಗೆ ನೋಂದಣಿ ಆಗಬೇಕು. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಹುಟ್ಟಿ ಹತ್ತು ವರ್ಷದ ಮೇಲೆ ನೋಂದಣಿಯಾದ ಪತ್ರ ಸುಳ್ಳೆಂದೇನಲ್ಲ, ಆದರೆ ಆಗ ಲಸಿಕೆಯ ತಾಯಿ ಕಾರ್ಡ್ ಅಥವಾ ಆಸ್ಪತ್ರೆಯ ಚೀಟಿಯನ್ನೂ ನೋಡಬೇಕು. ಬಿಸಿಸಿಐ 16ರೊಳಗಿನವರಿಗೆ ಎಡ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಟಿಡಬ್ಲ್ಯೂ3 ವಿಧಾನದಲ್ಲಿ ಮೂಳೆಯ ವಯಸ್ಸು ಅಳೆಸುತ್ತದೆ. ಸೂಟಿಯ ಲೀಗ್‌ಗೆ ಅದು ಬೇಕಿಲ್ಲ. ನಗದು ಬಹುಮಾನ ತೆಗೆದುಹಾಕಿದರೆ ಮೀಸೆ ಬೋಳಿಸಿಕೊಂಡು ಬರುವವರು ತಾವಾಗಿಯೇ ಕಡಿಮೆಯಾಗುತ್ತಾರೆ.

ವಯಸ್ಸು ಎಣಿಸುವ ದಿನವೂ ಎಲ್ಲರಿಗೂ ಒಂದೇ ಇರಲಿ. ಈಗ ಒಂದು ಲೀಗ್‌ನವರು ಪಂದ್ಯದ ದಿನ ಎನ್ನುತ್ತಾರೆ, ಇನ್ನೊಂದರವರು ಜನವರಿ 1 ಎನ್ನುತ್ತಾರೆ. ಬಿಸಿಸಿಐ ಎಣಿಸುವುದು ಸೆಪ್ಟೆಂಬರ್ 1ರಿಂದ. ಅದನ್ನೇ ಹಿಡಿದರೆ ಮುಂದೆ ರಾಜ್ಯ ಕ್ರಿಕೆಟ್ ಸಂಸ್ಥೆಯ ಧಾರವಾಡ ವಲಯದ ಆಯ್ಕೆಗೆ ಹೋಗುವ ಹುಡುಗರಿಗೂ ಗೊಂದಲವಿರುವುದಿಲ್ಲ.

ಇನ್ನು ಕೌಶಲದ ಮಾತು. ಒಂದು ವಯಸ್ಸಿನ ಗುಂಪಿನಲ್ಲಿ 32ಕ್ಕಿಂತ ಕಡಿಮೆ ಮಕ್ಕಳಿದ್ದರೆ ಮೇಲಿನ ಹಂತ, ಕೆಳಗಿನ ಹಂತ ಎಂದು ಒಡೆಯಬೇಡಿ, ತಂಡಗಳನ್ನು ಸಮ ಮಾಡಿದರೆ ಸಾಕು. ಅರ್ಧ ದಿನದ ಪರೀಕ್ಷೆ ಇಡಿ. ಒಬ್ಬೊಬ್ಬರಿಗೆ ಬ್ಯಾಟಿಂಗ್‌ಗೆ 12 ಎಸೆತ, ಬೌಲಿಂಗ್‌ಗೆ 6, ಹಿಡಿಯಲು 6 ಕ್ಯಾಚ್, ಒಂಟಿ ಸ್ಟಂಪ್‌ಗೆ 6 ಥ್ರೋ. ತಮ್ಮ ಮಕ್ಕಳು ಆ ಗುಂಪಿನಲ್ಲಿ ಇಲ್ಲದ ಇಬ್ಬರು ಬೇರೆ ಬೇರೆ ಕೂತು ಅಂಕ ಹಾಕಬೇಕು. ಅಂಕದ ಪಟ್ಟಿ ಹಿಡಿದು ತಂಡದ ತರಬೇತುದಾರರು ಸರದಿಯಂತೆ ಒಬ್ಬೊಬ್ಬರನ್ನು ಆರಿಸಲಿ. ನಾಲ್ಕು ತಂಡಗಳಿದ್ದರೆ ಮೊದಲ ಸುತ್ತಿನಲ್ಲಿ ಒಂದನೇ ತಂಡದಿಂದ ನಾಲ್ಕನೆಯದಕ್ಕೆ, ಎರಡನೇ ಸುತ್ತಿನಲ್ಲಿ ನಾಲ್ಕನೆಯದರಿಂದ ಒಂದನೆಯದಕ್ಕೆ, ಹೀಗೆ ತಿರುಗಿಸುತ್ತ ಹೋದರೆ ಒಂದೇ ತಂಡಕ್ಕೆ ಒಳ್ಳೆಯವರೆಲ್ಲ ಸೇರುವುದಿಲ್ಲ. ಗಲ್ಲಿಗೊಂದು, ಶಾಲೆಗೊಂದು ತಂಡ ಕಟ್ಟುವ ಪದ್ಧತಿಯಲ್ಲಿ ಸೇರುವುದು ಹಾಗೆಯೇ. ಪರೀಕ್ಷೆಯ ದಿನ ‘ಸುಮಾರಾಗಿ ಆಡು’ ಎಂದು ಹುಡುಗನಿಗೆ ಹೇಳಿಕೊಟ್ಟು ಅವನನ್ನು ಕಡೆಯಲ್ಲಿ ಆರಿಸಿಕೊಳ್ಳುವ ತರಬೇತುದಾರರೂ ಇರುತ್ತಾರೆ. ಇದಕ್ಕೆ ಮದ್ದು, ಎರಡು ಪಂದ್ಯ ಆದ ಮೇಲೆ ಒಮ್ಮೆ ಮರುಹಂಚಿಕೆ ಮಾಡುವುದು. ಆ ನಿಯಮವನ್ನು ಪ್ರವೇಶ ಅರ್ಜಿಯಲ್ಲೇ ಮುದ್ರಿಸಿರಬೇಕು.

ತಂಡ ಸಮವಾದರೂ ಅವಕಾಶ ಸಮವಾಗುವುದಿಲ್ಲ. ಲಿಟಲ್ ಲೀಗ್‌ನಲ್ಲಿ ಪ್ರತಿ ಮಗು ಕನಿಷ್ಠ ಆರು ಔಟ್ ಆಗುವವರೆಗೆ ಫೀಲ್ಡಿಂಗ್‌ನಲ್ಲಿರಬೇಕು, ಒಮ್ಮೆಯಾದರೂ ಬ್ಯಾಟ್ ಹಿಡಿಯಬೇಕು. ಕ್ರಿಕೆಟ್‌ನಲ್ಲಿ ಇದಕ್ಕೆ ಜೋಡಿ ಪದ್ಧತಿ ಇದೆ. ತಂಡಕ್ಕೆ ಎಂಟು ಮಂದಿ, ಪ್ರತಿ ಜೋಡಿ ನಾಲ್ಕು ಓವರ್, ಒಟ್ಟು 16. ಆರಂಭಕ್ಕೇ 200 ರನ್, ವಿಕೆಟ್ ಬಿದ್ದರೆ 5 ಕಳೆಯುವುದು, ಔಟಾದವನು ಆಡುತ್ತಲೇ ಇರುವುದು. ವಿಕೆಟ್‌ಕೀಪರ್ ಬಿಟ್ಟು ಎಲ್ಲರೂ ಎರಡೆರಡು ಓವರ್ ಹಾಕಿದರೆ 14 ಆಯಿತು, ಉಳಿದ ಎರಡನ್ನು ನಾಯಕ ಇಷ್ಟ ಬಂದವರಿಗೆ ಕೊಡಬಹುದು. 12ರೊಳಗಿನ ಎರಡೂ ಗುಂಪುಗಳಿಗೆ ಇದನ್ನೇ ಆಡಿಸಿ. ಹೆಣ್ಣುಮಕ್ಕಳು ಬೇರೆ ತಂಡಕ್ಕಾಗುವಷ್ಟು ಬರದಿದ್ದರೆ ಇಲ್ಲಿ ಜೊತೆಯಲ್ಲೇ ಆಡಲಿ.

ವೇಗದ ಬೌಲರ್‌ಗೆ ಮಿತಿ ಇರಲೇಬೇಕು. ಬೇಸ್‌ಬಾಲ್‌ನವರು ದಿನಕ್ಕೆ 9-10ರವರಿಗೆ 75 ಎಸೆತ, 11-12ರವರಿಗೆ 85, 13-16ರವರಿಗೆ 95 ಎಂದು ಕಟ್ಟಿದ್ದಾರೆ. 14ರವರೆಗಿನವನು 66 ಮುಟ್ಟಿದರೆ ನಾಲ್ಕು ದಿನ ಬಿಡುವು. ಬೆಳೆಯುವ ವಯಸ್ಸಿನಲ್ಲಿ ಎಸೆತ ಹೆಚ್ಚಾದರೆ ಅವರಲ್ಲಿ ಮೊಣಕೈ, ಭುಜ ಕೆಡುತ್ತವೆ. ನಮ್ಮ ವೇಗಿಗಳಲ್ಲಿ ಸೊಂಟದ ಮೇಲಿನ ಬೆನ್ನುಮೂಳೆ ಸೂಕ್ಷ್ಮವಾಗಿ ಬಿರಿಯುತ್ತದೆ. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ ಬಹಳ ವರ್ಷ ಪಾಲಿಸಿದ ಮಿತಿ 13ರವರೆಗೆ ಸ್ಪೆಲ್‌ಗೆ (ಬಿಡುವಿಲ್ಲದೆ ಹಾಕುವ ಒಂದು ಸರದಿಗೆ) 5 ಓವರ್, ದಿನಕ್ಕೆ 10. ಒಬ್ಬನೇ ಹುಡುಗ ಬೆಳಿಗ್ಗೆ ಒಂದು ಲೀಗ್, ಮಧ್ಯಾಹ್ನ ಇನ್ನೊಂದು ಲೀಗ್ ಆಡುವುದು ಇಲ್ಲಿ ಸಾಮಾನ್ಯ. ಅದಕ್ಕೇ ಓವರ್ ಲೆಕ್ಕ ತಂಡದ ಸ್ಕೋರ್ ಪುಸ್ತಕದಲ್ಲಿದ್ದರೆ ಸಾಲದು, ಹುಡುಗನ ಹೆಸರಿನ ಒಂದು ಕಾರ್ಡ್‌ನಲ್ಲಿ ಬರೆದು ಅಂಪೈರ್ ಸಹಿ ಹಾಕಬೇಕು.

ಮೈದಾನ ಕೊಡುವ ಮಹಾನಗರ ಪಾಲಿಕೆ, ಕ್ರೀಡಾ ಇಲಾಖೆ ಮತ್ತು ಶಾಲಾ ಆಡಳಿತ ಮಂಡಳಿಗಳಲ್ಲಿ ನಮ್ಮ ಕೋರಿಕೆ ಇಷ್ಟೇ: ಮಕ್ಕಳ ಲೀಗ್‌ಗೆ ಅನುಮತಿ ಕೊಡುವ ಮೊದಲು ವಯಸ್ಸಿನ ಗುಂಪು, ಪಿಚ್‌ನ ಉದ್ದ, ಚೆಂಡು, ಓವರ್ ಮಿತಿ ಈ ನಾಲ್ಕನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಬೆಳಗಿನ 7ರಿಂದ 9ರ ಹೊತ್ತನ್ನು 12ರೊಳಗಿನವರಿಗೇ ಮೀಸಲಿಡಿ. ಮೇ ತಿಂಗಳಲ್ಲಿ ಮಧ್ಯಾಹ್ನದ ಗುಡುಗು ಮಳೆ ಬಂದರೆ ಮೊದಲು ರದ್ದಾಗುವುದು ಸಣ್ಣವರ ಪಂದ್ಯ.

— ಮಕ್ಕಳ ಕ್ರಿಕೆಟ್ ತರಬೇತುದಾರರು, ಬೆಳಗಾವಿ