ಶನಿವಾರದ ಆರ್ಸೆನಿಕ್ ಪರೀಕ್ಷೆ: ಮಂಗಳವಾರದಿಂದ ಸಮುದ್ರದ ಮೀನು ಬೇಡ

ಎಲ್ಲರಿಗೂ ನಮಸ್ಕಾರ.

ಬ್ಯಾಟರಿ ಘಟಕದ ಸೀಸ ಕರಗಿಸುವ ಮತ್ತು ಪ್ಲೇಟ್ ಎರಕದ ವಿಭಾಗದವರಿಗೆ ಈ ಶನಿವಾರ ಶಿಫ್ಟ್ ಮುಗಿದ ಕೂಡಲೇ ಮೂತ್ರದಲ್ಲಿ ಆರ್ಸೆನಿಕ್ ಪರೀಕ್ಷೆ ಇದೆ. ಉಳಿದ ವಿಭಾಗದವರು ಬರಬೇಕಿಲ್ಲ.

ದಯವಿಟ್ಟು ಸೋಮವಾರ ರಾತ್ರಿಯ ಊಟಕ್ಕೇ ಮೀನು ಮುಗಿಸಿ. ಮಂಗಳವಾರದಿಂದ ಮಾದರಿ ಕೊಡುವವರೆಗೆ ಬಂಗುಡೆ, ಬೂತಾಯಿ, ಅಂಜಲ್, ಸಿಗಡಿ, ಏಡಿ, ಮರುವಾಯಿ ಯಾವುದೂ ಬೇಡ. ಸಿಗಡಿ ಚಟ್ನಿ, ಒಣಮೀನು ಕೂಡ ಬೇಡ. ಊರಿನ ಕೋಳಿ ಸಾರು, ಮೊಟ್ಟೆ ತೊಂದರೆಯಿಲ್ಲ.

"ಹಾಗಾದರೆ ಮೀನಲ್ಲಿ ವಿಷವಾ?" ಅಂತ ಆಗಲೇ ಇಬ್ಬರು ಕೇಳಿದ್ದಾರೆ. ಭಯ ಬೇಡ. ಸಮುದ್ರದ ನೀರಲ್ಲೇ ಅಲ್ಪಸ್ವಲ್ಪ ಆರ್ಸೆನಿಕ್ ಇರುತ್ತದೆ. ಪಾಚಿ ಅದನ್ನು ಫಾಸ್ಫೇಟ್ ಜೊತೆ ಹೀರಿಕೊಳ್ಳುತ್ತದೆ, ಅಲ್ಲಿಂದ ಅದು ಸಿಗಡಿ, ಮೀನುಗಳ ಮಾಂಸಕ್ಕೆ ಸೇರುತ್ತದೆ. ಮೀನಿನ ಮಾಂಸದಲ್ಲಿ ಅದು ಹೆಚ್ಚಾಗಿ ಆರ್ಸೆನೊಬೀಟೈನ್ ಎಂಬ ನಿರಪಾಯ ರೂಪದಲ್ಲಿರುತ್ತದೆ. ನಮ್ಮ ದೇಹ ಅದನ್ನು ಹಾಗೆಯೇ ಮೂತ್ರದಲ್ಲಿ ಹೊರಹಾಕುತ್ತದೆ. ಆದರೆ ಒಟ್ಟು ಆರ್ಸೆನಿಕ್ ಅಳೆಯುವ ಪರೀಕ್ಷೆಗೆ ಮೀನಿನದು ಯಾವುದು, ಕೆಲಸದ ಹೊಗೆ-ಧೂಳಿನದು ಯಾವುದು ಎಂದು ಗೊತ್ತಾಗುವುದಿಲ್ಲ. ನಮಗೆ ತಿಳಿಯಬೇಕಾದದ್ದು ಎರಡನೆಯದು. ಅದೇ ಅಪಾಯದ್ದು.

ಮಾದರಿ ಕೊಡುವ ಮೊದಲು ಕೈ ಸೋಪಿನಲ್ಲಿ ತೊಳೆದು, ಕೆಲಸದ ಬಟ್ಟೆ ಬದಲಿಸಿ. ಬಟ್ಟೆಯ ಧೂಳು ಬಾಟಲಿಗೆ ಬಿದ್ದರೂ ಲೆಕ್ಕ ತಪ್ಪುತ್ತದೆ.

ತಪ್ಪಿ ಮೀನು ತಿಂದವರು ಮುಚ್ಚಿಡಬೇಡಿ, ನನಗೆ ಹೇಳಿ; ಮುಂದಿನ ಶನಿವಾರ ನಿಮ್ಮ ಪರೀಕ್ಷೆ ಮಾಡಿಸುತ್ತೇವೆ. ಬರುವವರು ನಾಳೆ ಸಂಜೆಯೊಳಗೆ ಇಲ್ಲಿ ಹೆಸರು, ಶಿಫ್ಟ್ ಹಾಕಿ. ಮೊಬೈಲ್ ನೋಡದ ಹಿರಿಯರಿಗೆ ಪಕ್ಕದವರೇ ತಿಳಿಸಿಬಿಡಿ.